ಬರೆಯದೆ ಉಳಿದ ಮುಖ

ತುಂಬಾ ಹಿಂದೆ ಏನಲ್ಲ, ಆದರೂ ಹಿಂದೆ ಅಂತಲೇ ಇಟ್ಟುಕೊಳ್ಳೋಣ. ಕತೆಗೆ ಹಾಗಂದರೇ ಚಂದ. ಒಂದು ಊರಿತ್ತು. ಆ ಊರಲ್ಲಿ ಎಲ್ಲರಿಗೂ ಬಾಯಿ ಇತ್ತು, ಕಿವಿ ಯಾರಿಗೂ ಇರಲಿಲ್ಲ. ರಾಜ ಹೇಳುತ್ತಿದ್ದ, ಮಂತ್ರಿ ಹೇಳುತ್ತಿದ್ದ, ಬೀದಿ ನಾಯಿ ಕೂಡ ತನ್ನ ಪಾಡಿಗೆ ತಾನು ಹೇಳಿಕೊಳ್ಳುತ್ತಿತ್ತು. ಕೇಳುವವರಿಲ್ಲದೆ ಮಾತೆಲ್ಲ ನೆಲಕ್ಕೆ ಬಿದ್ದು ಧೂಳಾಗುತ್ತಿತ್ತು. ಆಗ ಅಲ್ಲೊಬ್ಬ ಹುಡುಗಿ ಹುಟ್ಟಿದಳು. ಅವಳಿಗೆ ಮೈಯೆಲ್ಲ ಕಿವಿ. ಜನ ಬಂದರು, ಹೇಳಿಕೊಂಡರು, ಹಗುರಾಗಿ ಹೋದರು. ಅವಳು ಮಾತ್ರ ದಿನದಿನಕ್ಕೆ ಭಾರವಾದಳು. ಅವಳಿಗೊಂದು ಶಾಪವೂ ಇತ್ತು. ಕೇಳಿದ್ದನ್ನು ಒಂದೇ ಒಂದು ಸಲ ಹೊರಗೆ ಬಿಟ್ಟರೂ ಸಾಕು, ಅವಳು ಯಾರ ಮಾತಿಗಾಗಿ ಹಂಬಲಿಸುತ್ತಾಳೋ ಅವರ ಮಾತು ಅವಳ ಪಾಲಿಗೆ ನಿಂತುಹೋಗುತ್ತದೆ.

ಅಜ್ಜಿ ಕತೆಯನ್ನು ಇಲ್ಲಿಗೇ ನಿಲ್ಲಿಸಿ ಹೊದಿಕೆ ಎಳೆದುಕೊಳ್ಳುತ್ತಿದ್ದಳು. "ಆಮೇಲೆ?" ಅಂದರೆ, "ಆಮೇಲೇನು, ನಿದ್ದೆ" ಅನ್ನುತ್ತಿದ್ದಳು.

ಆಮೇಲಿನದು ಮೊಮ್ಮಗಳ ಪಾಲಿಗೆ ಬಂತು.

ಮೊಮ್ಮಗಳು ಬೆಳೆದು ಒಂದು ಶಾಲೆಗೆ ಆಪ್ತಸಮಾಲೋಚಕಿಯಾಗಿ ಸೇರಿದಳು. ಆಟದ ಸಾಮಾನಿನ ಕೋಣೆಯ ಪಕ್ಕದಲ್ಲೊಂದು ಸಣ್ಣ ರೂಮು, ಗೋಡೆ ದಾಟಿ ಬರುವ ರಬ್ಬರ್ ಚೆಂಡಿನ ವಾಸನೆ, ಎದುರುಬದುರಾಗದ ಹಾಗೆ ಓರೆಯಾಗಿಟ್ಟ ಎರಡು ಕುರ್ಚಿ. ಗಡಿಯಾರ ಮಗುವಿನ ಬೆನ್ನ ಹಿಂದೆ; ಹೊತ್ತಾಯಿತೆಂದು ಅವಳಿಗೆ ಮಾತ್ರ ತಿಳಿಯಬೇಕು, ಮಗುವಿಗಲ್ಲ. ಬಾಗಿಲ ಮೇಲಿನ ಉದ್ದನೆಯ ಬೋರ್ಡು ಓದಲಾರದ ಮಕ್ಕಳು ಅವಳಿಗೆ 'ಕಿವಿ ಮಿಸ್' ಅಂತ ಹೆಸರಿಟ್ಟರು. ಅವಳಿಗೂ ಆ ಹೆಸರೇ ಹಿತವಾಯಿತು.

ಒಂದು ಬೆಳಿಗ್ಗೆ ಬಾಗಿಲು ತಟ್ಟಿ ಒಬ್ಬ ಒಳಗೆ ಬಂದ. ತೋಳಿನ ಮೇಲೆ ಬಣ್ಣದ ಕಲೆ, ಕಿವಿಯ ಮೇಲೆ ಪೆನ್ಸಿಲು. ಆಚೀಚೆ ನೋಡಿ ಮಕ್ಕಳ ಕುರ್ಚಿಯಲ್ಲಿ ಕೂತ.

ಅವಳು ತನ್ನ ಮೆತ್ತನೆಯ ದನಿ ತೆಗೆದಳು. "ನಿಧಾನವಾಗಿ ಹೇಳಿ. ಅವಸರ ಇಲ್ಲ. ಮಗು ಯಾವ ಕ್ಲಾಸು?"

ಅವನು ಅವಳನ್ನೇ ನೋಡಿದ. ತುಟಿಯ ಒಂದು ಕೊನೆ ಮಾತ್ರ ನಕ್ಕಿತು. "ನನಗಿನ್ನೂ ಮದುವೇನೇ ಆಗಿಲ್ಲ ಮಿಸ್. ನೀವು ಆಗಲೇ ಮಗೂನ ಸ್ಕೂಲಿಗೆ ಸೇರಿಸಿಬಿಟ್ರಿ."

"ಮತ್ತೆ..."

"ಹೊಸ ಡ್ರಾಯಿಂಗ್ ಮೇಷ್ಟ್ರು. ಕಾಯಂ ಅಲ್ಲ, ಇನ್ನೊಬ್ಬರ ರಜೆಗೆ ಬಂದವನು. ಒಂದು ಸ್ಟೂಲ್ ಬೇಕಿತ್ತು. ಆಫೀಸಲ್ಲಿ ಈ ರೂಮು ತೋರಿಸಿದ್ರು."

ಅವಳ ಕಿವಿ ಕೆಂಪಗಾಯಿತು. ನಾಚಿಕೆಯಾದರೆ ಅವಳ ಕೆನ್ನೆಗಲ್ಲ, ಕಿವಿಗೇ ಬಣ್ಣ ಬರುತ್ತಿತ್ತು. ಅದನ್ನವನು ಗಮನಿಸಿದ. ಗಮನಿಸಿದ್ದನ್ನು ಅವಳು ಗಮನಿಸಿದಳು. ಸ್ಟೂಲಿನ ಮಾತು ಇಬ್ಬರಿಗೂ ಮರೆತುಹೋಯಿತು.

ಮಕ್ಕಳು ಅವನಿಗೆ 'ಪೆನ್ಸಿಲ್ ಸರ್' ಅಂದರು.

ಆ ದಿನಗಳಲ್ಲಿ ಅವಳ ರೂಮಿಗೆ ಎರಡು ಜಡೆಯ ಒಬ್ಬ ಪುಟ್ಟ ಹುಡುಗಿ ಬರುತ್ತಿದ್ದಳು. ಬರುತ್ತಿದ್ದಳು, ಕೂರುತ್ತಿದ್ದಳು, ಹೋಗುತ್ತಿದ್ದಳು. ತುಟಿ ಪಿಟಿಕ್ಕೆನ್ನುತ್ತಿರಲಿಲ್ಲ. ಸುತ್ತಲಿನ ಶಾಲೆಗಳ ಆಪ್ತಸಮಾಲೋಚಕರೆಲ್ಲ ತಿಂಗಳಿಗೊಮ್ಮೆ ಸೇರುವ ಅಪ್‌ಡೇಟ್ಸ್ ಮೀಟಿಂಗ್ ಒಂದಿತ್ತು. ಹೊಸ ನಿಯಮ, ಹೊಸ ಸಹಾಯವಾಣಿ, ಮಕ್ಕಳಿಗೆ ಕೊಡಬಹುದಾದ ಹೊಸ ಸಾಮಗ್ರಿ ಎಲ್ಲದರ ಸುದ್ದಿ ಅಲ್ಲೇ ಸಿಗುವುದು. ಬಾಯಿ ಬಿಡದ ಮಕ್ಕಳ ಮುಂದೆ ಮುಖಗಳ ಚಿತ್ರ ಇಡಿ, ತಮ್ಮದನ್ನು ತಾವೇ ಆರಿಸಿಕೊಳ್ಳುತ್ತಾರೆ ಅಂತ ಅಲ್ಲಿ ಹೇಳಿ ಒಂದು ಕಟ್ಟು ಕಾರ್ಡು ಕೊಟ್ಟರು. ಎಲ್ಲ ಹಳದಿ ಉಂಡೆಮುಖಗಳು. ಹುಡುಗಿ ಒಂದೊಂದನ್ನೇ ತಿರುಗಿಸಿ ಬೋರಲು ಹಾಕಿದಳು.

"ಇವು ಮುಖಗಳಾ?" ಅಂದ ಪೆನ್ಸಿಲ್ ಸರ್ ಕಾರ್ಡು ನೋಡಿ. "ಬಟನ್ ಇದ್ದ ಹಾಗಿದೆ."

"ನೀವು ಬರೆದುಕೊಡಿ ಹಾಗಾದ್ರೆ."

"ಬರೀತೀನಿ. ಆದರೆ ನೋಡದೇ ಇರೋದನ್ನ ನಾನು ಬರೆಯಲ್ಲ ಮಿಸ್. ಕೋಪ ಬೇಕಂದ್ರೆ ಕೋಪ ಬಂದಿರೋ ಮುಖ ನನ್ನೆದುರಿಗಿರಬೇಕು."

ಮುಖ ಹುಡುಕುವ ಕೆಲಸ ಹಾಗೆ ಶುರುವಾಯಿತು. ಖುಷಿ ಸಿಕ್ಕಿದ್ದು ಲಾಸ್ಟ್ ಬೆಲ್ ಹೊಡೆದ ಕಾರಿಡಾರಿನಲ್ಲಿ. ಹೆದರಿಕೆ ಸಿಕ್ಕಿದ್ದು ಪ್ರಿನ್ಸಿಪಾಲರ ಬಾಗಿಲಲ್ಲಿ. ಅದು ಮಗುವಿನದಲ್ಲ, ಗಣಿತದ ಮೇಷ್ಟ್ರದು. ಆಫೀಸಿನವರು ಮುರಿದ ಬೆಂಚುಗಳನ್ನು ತಂದು ಅವಳ ರೂಮಿನಲ್ಲಿ ಒಟ್ಟಿದ ದಿನ ಅವಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಬಾಗಿಲಲ್ಲಿ ಪೆನ್ಸಿಲಿನ ಸದ್ದು.

"ಹಾಗೇ ಇರಿ ಮಿಸ್. ಆ ಹುಬ್ಬು ಇಳಿಸಬೇಡಿ."

"ನನಗೆ ಮೈಯೆಲ್ಲ ಉರೀತಿದೆ, ನಿಮಗೆ ಚಿತ್ರ!"

"ಉರೀಲಿ ಉರೀಲಿ. ಇನ್ನು ಮೂಗೊಂದು ಬಾಕಿ."

ಅವಳು ನಕ್ಕುಬಿಟ್ಟಳು. ಕೋಪದ ಕಾರ್ಡಿನ ತುಟಿಯಂಚಿನಲ್ಲಿ ಆ ನಗು ಒಂದು ಎಳೆಯಷ್ಟು ಉಳಿದೇ ಹೋಯಿತು.

ನಾಚಿಕೆಯ ಕಾರ್ಡಿನಲ್ಲಿ ಅವನು ಮುಖವನ್ನೇ ಬರೆಯಲಿಲ್ಲ. ಒಂದು ಕೆಂಪು ಕಿವಿ, ಅದರ ಮೇಲೆ ಜಾರಿದ ಒಂದು ಸುರುಳಿ ಕೂದಲು, ಅಷ್ಟೇ. ಅವಳು ಅದನ್ನು ಮನೆಗೆ ತಂದಾಗ ಅಕ್ಕ ಕನ್ನಡಕ ಏರಿಸಿ ನೋಡಿದಳು.

"ಏ, ಇದು ನಿನ್ನ ಕಿವಿ ಅಲ್ವೇನೇ? ಮಚ್ಚೆ ಕೂಡ ಬಿಟ್ಟಿಲ್ಲ ಪುಣ್ಯಾತ್ಮ. ಎಷ್ಟು ಹತ್ತಿರದಿಂದ ನೋಡಿದ್ದಾನೆ?"

"ಟೇಬಲ್ಲಿನ ಆ ಕಡೆಯಿಂದ."

"ಟೇಬಲ್ ಅಗಲ ಎಷ್ಟು?"

"ಅಕ್ಕಾ!"

"ಕೇಳಬಾರದಾ? ಊರವರದೆಲ್ಲ ಕೇಳ್ತೀಯ, ನಿನ್ನದು ನಾನೊಬ್ಬಳು ಕೇಳಿದ್ರೆ ತಪ್ಪಾ?"

ಹೊಸ ಕಾರ್ಡುಗಳನ್ನು ಅವಳು ಹುಡುಗಿಯ ಮುಂದೆ ಹರಡಿದಳು. ಹುಡುಗಿ ಈ ಸಲ ಯಾವುದನ್ನೂ ಬೋರಲು ಹಾಕಲಿಲ್ಲ. ಒಂದೊಂದರ ಮೇಲೂ ಬೆರಳಾಡಿಸಿದಳು. ಕೊನೆಗೆ ಬಾಯಿ ಬಿಟ್ಟಳು.

"ಇದರಲ್ಲಿ ನಂದಿಲ್ಲ."

ಕಿವಿ ಮಿಸ್ ಕುರ್ಚಿಯನ್ನು ತುಸು ಹತ್ತಿರ ಎಳೆದುಕೊಂಡಳು. ಅಷ್ಟು ದಿನದ ಮೇಲೆ ಬಂದ ಮಾತು. "ನಿಂದು ಯಾವುದು ಪುಟ್ಟಾ?"

ಹುಡುಗಿ ಕಾರ್ಡುಗಳನ್ನು ಒಟ್ಟುಮಾಡಿ ಅವಳ ಕಡೆ ತಳ್ಳಿದಳು. ಆದರೆ ಸಂಜೆ ಚಿಕ್ಕಮ್ಮ ಕರೆದೊಯ್ಯಲು ಬಂದು ಕೈ ಹಿಡಿದರೂ ಆ ಮಗು ಶಾಲೆಯ ಗೇಟಿಗೆ ಅಂಟಿಕೊಂಡು ರಸ್ತೆಯ ಆ ತುದಿಯನ್ನೇ ನೋಡುತ್ತ ನಿಂತದ್ದನ್ನು ಅವಳು ಕಂಡಳು. ಚಿಕ್ಕಮ್ಮ ಇವಳ ಕಡೆ ತಿರುಗಿ ಸಣ್ಣಗೆ ಅಂದಳು, "ಅವರಪ್ಪ ಬರ್ತೀನಿ ಅಂತ ಹೇಳಿ ಹೋದವರು ಮಿಸ್." ಆಮೇಲೆ ಮಗುವಿನ ಬೆರಳುಗಳನ್ನು ಗೇಟಿನಿಂದ ಒಂದೊಂದಾಗಿ ಬಿಡಿಸಿದಳು.

ಮರುದಿನ ಹುಡುಗಿಯ ಜಡೆ ಸರಿಮಾಡುತ್ತ ಅವಳು, "ನಿನ್ನ ಕಾರ್ಡು ಬರೆಸಿಕೊಡ್ತೀನಿ. ಖಂಡಿತ" ಅಂದಳು. ಆಮೇಲೆ ನೆಟ್ಟಗೆ ಡ್ರಾಯಿಂಗ್ ರೂಮಿಗೆ ಹೋದಳು.

"ಕಾಯೋ ಮುಖ ಒಂದು ಬೇಕು ಸರ್."

ಬ್ರಷ್ ತೊಳೆಯುತ್ತಿದ್ದವನ ಕೈ ನೀರಿನಲ್ಲೇ ನಿಂತಿತು. "ಅದು ಕೊನೆಗಿರಲಿ."

"ಬರೀತೀರಾ?"

"ಬರೀತೀನಿ. ಮಾತು ಕೊಟ್ಟೆ."

ಬೇರೆಲ್ಲ ಮುಖಗಳು ಮುಗಿದರೂ ಅದೊಂದು ಆಗಲಿಲ್ಲ. ಒಂದು ಸಂಜೆ ಶಾಲೆ ಖಾಲಿಯಾದ ಮೇಲೆ ಅವನು ಬಂದು ಮಕ್ಕಳ ಕುರ್ಚಿಯಲ್ಲಿ ಕೂತ. ಆ ದಿನ ಸ್ಟೂಲ್ ಕೇಳಲಿಲ್ಲ, ತಮಾಷೆ ಮಾಡಲಿಲ್ಲ.

"ನಾನು ಚಿಕ್ಕವನಿದ್ದಾಗ ಅಮ್ಮ ಒಂದು ಬೆಳಿಗ್ಗೆ ಚೀಲ ಹಿಡ್ಕೊಂಡು ಹೊರಟಳು. ಗೇಟಿನ ಚಿಲಕ ಹಾಕ್ಕೋಬೇಡ, ಈಗ ಬಂದೆ ಅಂದಳು. ನಾನು ಹಾಕಲಿಲ್ಲ. ಅಪ್ಪ ಹಾಕೋರು, ನಾನು ಹೋಗಿ ತೆಗೆಯೋನು. ನಾಯಿ ಬಂದು ಗಿಡ ಕೆದರಿ ಹೋಗೋದು, ಏಟು ನನಗೆ ಬೀಳೋದು. ಮತ್ತೆ ತೆಗೆಯೋನು." ಅವನು ಅಂಗೈ ನೋಡಿಕೊಂಡ. "ಈಗಲೂ ನನ್ನ ಬಾಡಿಗೆ ಮನೆ ಗೇಟಿಗೆ ಚಿಲಕ ಹಾಕಲ್ಲ. ಓನರ್ ದಿನಾ ಬೈತಾರೆ."

ಅವಳು ಕೇಳುತ್ತಿದ್ದಳು. ಗಡಿಯಾರ ಅವನ ಬೆನ್ನ ಹಿಂದಿತ್ತು, ಅವಳು ಅದರ ಕಡೆ ನೋಡಲೇ ಇಲ್ಲ.

"ಕಾಯೋದು ನನಗೆ ಗೊತ್ತು ಮಿಸ್. ಆದರೆ ಅದರ ಮುಖ ನೋಡಿಲ್ಲ. ನನ್ನ ಮುಖ ನನಗೆ ಕಾಣಲ್ವಲ್ಲ."

"ಕನ್ನಡಿ?"

"ಕನ್ನಡಿ ಕಡೆ ತಿರುಗಿದ್ರೆ ರಸ್ತೆ ಯಾರು ನೋಡ್ತಾರೆ?"

ಪಕ್ಕದ ಕೋಣೆಯಲ್ಲಿ ಎಲ್ಲೋ ಒಂದು ಚೆಂಡು ತಾನಾಗಿ ಉರುಳಿ ನಿಂತಿತು.

"ಇದನ್ನ ಯಾರಿಗೂ ಹೇಳಿರಲಿಲ್ಲ" ಅಂದ ಅವನು.

"ನನ್ನ ಹತ್ತಿರ ಬಂದದ್ದು ಹೊರಗೆ ಹೋಗಲ್ಲ." ಪ್ರತಿ ಮಗುವಿಗೂ ಅವಳು ಹೇಳುವ ಮಾತು ಅದು. ಅಷ್ಟು ಸಲ ಹೇಳಿ ಹೇಳಿ ಅದರ ತೂಕ ಅವಳ ನಾಲಗೆಗೇ ಮರೆತುಹೋಗಿತ್ತು.

ಅವನ ಬೆರಳು ಮೇಜಿನ ಮೇಲೆ ಸರಿದು ಬಂದು ಅವಳ ಬೆರಳ ತುದಿಗೆ ತಾಗಿ ನಿಂತಿತು. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕಿವಿ ಕೆಂಪಾದದ್ದು ಸಂಜೆಯ ಬೆಳಕಿನಲ್ಲಿ ಕಾಣಿಸಿತೋ ಇಲ್ಲವೋ. ಕಾಣಿಸಿದ್ದರೆ ಸಾಕಿತ್ತು ಅಂತ ಮನೆಗೆ ಹೋಗುವ ದಾರಿಯುದ್ದಕ್ಕೂ ಅಂದುಕೊಂಡಳು.

ಮುಂದಿನ ಅಪ್‌ಡೇಟ್ಸ್ ಮೀಟಿಂಗಿಗೆ ಅವಳು ಕಾರ್ಡುಗಳನ್ನು ಒಯ್ದಳು. ಮನಸ್ಸಿನಲ್ಲಿ ಒಂದು ಮಂಡಿಗೆಯೂ ಬೇಯುತ್ತಿತ್ತು. ಇವು ಎಲ್ಲ ಶಾಲೆಗಳಿಗೆ ಹೋಗುವ ಕಿಟ್‌ಗೆ ಸೇರಿದರೆ ಮೂಲೆಯಲ್ಲಿ ಅವನ ಹೆಸರು ಅಚ್ಚಾಗುತ್ತದೆ. ಹೆಸರು ಅಚ್ಚಾದರೆ ಯಾವುದಾದರೂ ಶಾಲೆ ಅವನನ್ನು ಕಾಯಂ ಮಾಡಿಕೊಳ್ಳುತ್ತದೆ. ರಜೆ ಹಾಕಿದವರು ವಾಪಸು ಬಂದರೂ ಅವನು ಈ ಊರು ಬಿಡಬೇಕಾಗಿಲ್ಲ. ಹೊರಗಡೆ ಬೋರ್ಡಿಗೆ ಕಾರ್ಡು ಅಂಟಿಸಲು ಅವನನ್ನೂ ಕರೆದುಕೊಂಡು ಹೋಗಿದ್ದಳು.

ಮೀಟಿಂಗ್ ನಡೆಸುತ್ತಿದ್ದವರು ಹಿರಿಯರೊಬ್ಬರು, ಎಲ್ಲರೂ 'ದೊಡ್ಡ ಮೇಡಂ' ಅನ್ನುತ್ತಿದ್ದರು. ಅವರು ಕಾರ್ಡು ತಿರುಗಿಸಿ ನೋಡಿ, "ಚಿತ್ರ ಚೆನ್ನಾಗಿದೆಯಮ್ಮ. ಆದರೆ ಇದರಿಂದ ಯಾವ ಮಗು ಬಾಯಿ ಬಿಟ್ಟಿದೆ?" ಅಂದರು.

ಹಿಂದಿನ ಸಾಲಿನಿಂದ ಯಾರೋ, "ಆಟಕ್ಕೆ ಆಗುತ್ತೆ, ಇಸ್ಪೀಟಿನ ಬದಲು" ಅಂದರು. ನಗು ಎದ್ದಿತು.

ಆ ಮೀಟಿಂಗಿನಲ್ಲಿ ಒಂದು ರೂಢಿಯಿತ್ತು. ಕೇಸು ಹೇಳುವಾಗ ಹೆಸರು, ವಯಸ್ಸು, ಮನೆ, ಗುರುತು ಎಲ್ಲ ಬದಲಿಸಿ ಹೇಳಬೇಕು. ಅದಕ್ಕೆ ಅವರವರಲ್ಲೇ 'ಬಟ್ಟೆ ಬದಲಿಸೋದು' ಅಂತ ಹೆಸರು. ಬಟ್ಟೆ ಬದಲಿಸುವ ಮೊದಲು ಮಗುವಿನ ಕಡೆಯವರನ್ನು ಕೇಳಬೇಕೆಂಬ ನಿಯಮವೂ ಇತ್ತು. ಆದರೆ ಅವಳ ನಾಲಗೆಯ ಮೇಲೆ ಬಂದು ಕೂತದ್ದು ಮಗುವಿನ ಕತೆಯಲ್ಲ. ಮಗುವಲ್ಲದವರನ್ನು ಕೇಳಬೇಕೆಂದು ಆ ಹೊತ್ತಿಗೆ ಅವಳಿಗೆ ಹೊಳೆಯಲೇ ಇಲ್ಲ. ಆ ನಗು ಅವಳಿಗಲ್ಲ, ಅವನ ಗೆರೆಗಳಿಗೆ ತಾಗಿತ್ತು. ಅದೊಂದೇ ಅವಳಿಗೆ ಕಾಣುತ್ತಿತ್ತು.

"ಒಬ್ಬ ಹುಡುಗ ಇದ್ದಾನೆ" ಅಂದಳು. "ಅವನ ಅಪ್ಪ ಒಂದು ದಿನ, ಕಿಟಕಿ ಮುಚ್ಚಬೇಡ, ಈಗ ಬಂದೆ ಅಂತ ಹೇಳಿ ಹೋದವರು ಬರಲಿಲ್ಲ. ಮನೆಯವರು ಕಿಟಕಿ ಮುಚ್ಚೋರು, ಅವನು ತೆಗೆಯೋನು. ಮಳೆ ಒಳಗೆ ಬಂದ್ರೆ ಏಟು ತಿನ್ನೋನು, ಮತ್ತೆ ತೆಗೆಯೋನು. ಯಾರಿಗೂ ಹೇಳಿರಲಿಲ್ಲ. ಈ ಕಾರ್ಡುಗಳಿಂದಾಗಿ ಮೊದಲ ಸಲ ಬಾಯಿಬಿಟ್ಟ."

ಚೆನ್ನಾಗಿ ಹೇಳಿದಳು. ಅಜ್ಜಿಯ ಮೊಮ್ಮಗಳಲ್ಲವೇ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಗೊತ್ತಿತ್ತು. ಹಾಲ್ ಸ್ತಬ್ಧವಾಯಿತು. ಇಸ್ಪೀಟು ಅಂದವರೇ ಕರ್ಚೀಫು ತೆಗೆದರು. ಆಮೇಲೆ ಚಪ್ಪಾಳೆ.

ಚಪ್ಪಾಳೆಯ ನಡುವೆ ಅವಳು ತಲೆ ಎತ್ತಿದಳು. ಬಾಗಿಲಲ್ಲಿ ಅವನು ನಿಂತಿದ್ದ. ಎರಡು ಕೈಯಲ್ಲೂ ಒಂದೊಂದು ಟೀ ಲೋಟ. ಅವಳಿಗೊಂದು, ತನಗೊಂದು.

"ಆರ್ಟಿಸ್ಟ್ ಇಲ್ಲೇ ಇದ್ದಾರಲ್ಲ!" ದೊಡ್ಡ ಮೇಡಂ ಖುಷಿಯಿಂದ ಕರೆದರು. "ಬನ್ನಿ ಸರ್. ಕಿಟಕೀಲಿ ನಿಂತ ಆ ಹುಡುಗನದ್ದೂ ಒಂದು ಚಿತ್ರ ಬರೆದುಕೊಡಿ. ಕಿಟ್‌ನ ಮುಖಪುಟಕ್ಕೇ ಹಾಕೋಣ."

ಅವನು ಲೋಟಗಳನ್ನು ಬಾಗಿಲ ಪಕ್ಕದ ಬೆಂಚಿನ ಮೇಲೆ ಮೆಲ್ಲಗಿಟ್ಟ. ಒಂದು ಹನಿಯೂ ಚೆಲ್ಲಲಿಲ್ಲ.

"ಬರೀಬಹುದು ಮೇಡಂ" ಅಂದ. "ಕಿಟಕಿ ಬರೆಯೋದು ಸುಲಭ."

ಅವಳು ಓಡಿ ಹೊರಗೆ ಬರುವಷ್ಟರಲ್ಲಿ ಅವನು ಮೆಟ್ಟಿಲಿಳಿದಿದ್ದ.

"ಸರ್, ಒಂದು ನಿಮಿಷ. ಯಾರಿಗೂ ಗೊತ್ತಾಗಲ್ಲ, ಎಲ್ಲ ಬದಲಿಸಿ..."

"ಹೌದು. ಅಮ್ಮನ್ನ ಅಪ್ಪ ಮಾಡಿದ್ರಿ. ನಾಯಿನ ಮಳೆ ಮಾಡಿದ್ರಿ. ಮಳೆ ಚೆನ್ನಾಗಿತ್ತು, ನನ್ನ ನಾಯಿಗಿಂತ."

ಅವಳು ಏನು ಹೇಳಲಿ ಏನು ಹೇಳಲಿ ಅನ್ನುವಾಗ ರೂಢಿಯ ದನಿ ತಾನಾಗಿ ಹೊರಬಂತು, ಮೆತ್ತಗೆ, ನಿಧಾನವಾಗಿ. "ನಿಮಗೆ ತುಂಬಾ ನೋವಾಗಿದೆ ಅಂತ ನನಗೆ ಅರ್ಥ ಆಗ್ತಿದೆ. ಹಾಗನ್ನಿಸೋದು ಸಹಜ..."

ಅವನು ಅವಳನ್ನು ಮೊದಲ ದಿನ ನೋಡಿದಷ್ಟೇ ನೆಟ್ಟಗೆ ನೋಡಿದ. ಈ ಸಲ ತುಟಿಯ ಕೊನೆ ನಗಲಿಲ್ಲ.

"ಆ ದನಿ ನನ್ನ ಹತ್ತಿರ ಬೇಡ ಮಿಸ್. ನಾನು ನಿಮ್ಮ ಕೇಸಲ್ಲ."

ಅವನು ಹೋದ. ಬೆಂಚಿನ ಮೇಲೆ ಎರಡು ಲೋಟ ಟೀ ಆರುತ್ತ ಕೂತಿತ್ತು.

ಅಲ್ಲಿಂದ ಮುಂದೆ ಅವನು ಅವಳ ರೂಮಿನ ಕಾರಿಡಾರ್ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದ. ಊಟದ ಬೆಲ್ ಆದಾಗ ಅವಳು ಡ್ರಾಯಿಂಗ್ ರೂಮಿನ ಹೊರಗಿನ ಸಿಮೆಂಟು ಬೆಂಚಿನಲ್ಲಿ ಹೋಗಿ ಕೂರುತ್ತಿದ್ದಳು. ಬಾಗಿಲು ತೆರೆಯುತ್ತಿರಲಿಲ್ಲ. ತಟ್ಟುವ ಧೈರ್ಯ ಅವಳಿಗಿರಲಿಲ್ಲ. ಅಕ್ಕ ಊಟದ ಡಬ್ಬಿ ತೆರೆದು ನೋಡಿ, "ತಿಂದಿಲ್ಲ. ಇವತ್ತೂ ತಿಂದಿಲ್ಲ. ಅವನು ಬರದಿದ್ರೆ ಅನ್ನ ಏನು ಮಾಡಿತ್ತೇ ನಿನಗೆ?" ಅಂತ ಗದರಿಸುತ್ತಿದ್ದಳು. ಗದರಿಸುತ್ತಲೇ ತಲೆ ನೇವರಿಸುತ್ತಿದ್ದಳು.

ಮುಂದಿನ ತಿಂಗಳ ಮೀಟಿಂಗಿನಲ್ಲಿ ಅವಳು ಎದ್ದು ನಿಂತಳು. "ಕಿಟಕಿಯ ಹುಡುಗನ ಕೇಸು ಕಿಟ್‌ನಿಂದ ತೆಗೆದುಬಿಡಿ. ಅದು ನನ್ನ ವಿದ್ಯಾರ್ಥಿಯದಲ್ಲ. ನಾನು ಕೇಳದೆ ಹೇಳಿದೆ" ಅಂದಳು. ಈ ಸಲವೂ ಹಾಲ್ ಸ್ತಬ್ಧವಾಯಿತು, ಆದರೆ ಅದು ಬೇರೆ ಬಗೆಯ ಮೌನ. ದೊಡ್ಡ ಮೇಡಂ ಬೈಯಲಿಲ್ಲ. "ನಮ್ಮ ಹತ್ತಿರ ಬಂದದ್ದು ಹೊರಗೆ ಹೋಗಲ್ಲ ಅಂತ ತಾನೇ ನಮ್ಮ ಹೊಟ್ಟೆಪಾಡು ನಡೀತಿರೋದು?" ಅಂದರು, ಅಷ್ಟೇ. ಕೇಸಿನ ಜೊತೆಗೆ ಕಾರ್ಡುಗಳೂ ಕಿಟ್‌ನಿಂದ ಹೊರಬಿದ್ದವು. ಅವನ ಹೆಸರು ಎಲ್ಲೂ ಅಚ್ಚಾಗಲಿಲ್ಲ. ರಜೆಯಲ್ಲಿದ್ದ ಮೇಷ್ಟ್ರು ವಾಪಸು ಬರುವ ಸುದ್ದಿ ಮಾತ್ರ ಬಂತು.

ಅವನ ಕೊನೆಯ ದಿನ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ಅವಳಿಗೆ ಆ ತಟ್ಟುವಿಕೆ ಗೊತ್ತಿತ್ತು. ಒಳಗೆ ಬಂದವನು ಮಕ್ಕಳ ಕುರ್ಚಿಯಲ್ಲಿ ಕೂರಲಿಲ್ಲ. ಸುತ್ತಲೂ ನೋಡಿ ಅವಳ ಕುರ್ಚಿಯಲ್ಲಿ ಕೂತ. ಅವಳಿಗೆ ಉಳಿದದ್ದು ಮಕ್ಕಳದ್ದು. ಅದರಲ್ಲಿ ಕೂತಾಗ ಮೊದಲ ಸಲ ಅವಳಿಗೆ ಗೊತ್ತಾಯಿತು, ಗಡಿಯಾರ ಕಾಣದೆ ಕೂರುವುದು ಹೇಗಿರುತ್ತದೆಂದು.

"ಮೀಟಿಂಗಲ್ಲಿ ಹೇಳಿದಿರಂತೆ. ಕೇಳಿದೆ."

"ಹ್ಞೂಂ."

"ಹೇಳಿ, ಏನಾದ್ರೂ ಹೇಳೋದಿದ್ರೆ. ಇವತ್ತು ನಾನು ಕೇಳ್ತೀನಿ."

ಇಷ್ಟು ವರ್ಷ ಕೇಳಿ ಕೇಳಿ ತುಂಬಿದವಳಿಗೆ ಹೇಳುವುದು ಎಲ್ಲಿಂದ ಶುರುವಾಗುತ್ತದೆ ಅಂತಲೇ ತಿಳಿಯಲಿಲ್ಲ. "ನಿಮ್ಮ ಹೆಸರು ಮೂಲೆಯಲ್ಲಿ ಅಚ್ಚಾದರೆ ನೀವು ಇಲ್ಲೇ ಇರ್ತೀರಿ ಅಂದ್ಕೊಂಡೆ. ನಿಮ್ಮನ್ನ ಉಳಿಸಿಕೊಳ್ಳೋಕೆ ಹೋಗಿ ನಿಮ್ಮದನ್ನೇ ಖರ್ಚು ಮಾಡಿಬಿಟ್ಟೆ." ದನಿ ಒಡೆಯಿತು. ಮೆತ್ತನೆಯ ದನಿಯಲ್ಲ, ಅವಳದೇ ಒರಟು ದನಿ. "ನನಗೆ ನೀವು ಬೇಕು. ಅಷ್ಟೇ. ಬೇರೆ ಏನೂ ಹೇಳೋಕೆ ಬರ್ತಿಲ್ಲ."

ಅವನು ಮೇಜಿನ ಮೇಲಿದ್ದ ಒಂದು ಖಾಲಿ ಕಾರ್ಡನ್ನು ಬೆರಳಲ್ಲಿ ತಿರುಗಿಸುತ್ತ ಕೂತ.

"ನನಗೂ ನೀವು ಬೇಕಿತ್ತು. ಈಗಲೂ ಬೇಡ ಅಂತಲ್ಲ. ಆದರೆ ನಾಳೆ ಒಂದು ಮನೇಲಿದ್ದು ನಾನೇನಾದ್ರೂ ಹೇಳೋಕೆ ಬಾಯಿ ತೆಗೆದಾಗೆಲ್ಲ, ಇದು ಎಲ್ಲಿ ಹೋಗಿ ಕಿಟಕಿ ಆಗುತ್ತೋ ಅಂತ ಯೋಚನೆ ಬರುತ್ತೆ. ಆಮೇಲೆ ಹೇಳಲ್ಲ. ಹೇಳದೆ ಹೇಳದೆ ಇಬ್ಬರೂ ಒಳ್ಳೆಯವರಾಗಿರ್ತೀವಿ. ಅಂಥ ಮನೇಲಿ ಬೆಳೆದವನು ನಾನು. ಇನ್ನೊಂದು ಬೇಡ."

"ಕ್ಷಮಿಸೋಕೆ ಆಗಲ್ವಾ?"

"ಕ್ಷಮಿಸಿ ಆಗಲೇ ಎಷ್ಟೋ ದಿನ ಆಯ್ತು. ಹೇಳಿಕೊಳ್ಳೋಕೆ ಆಗಲ್ಲ ಅಷ್ಟೇ."

ಅವಳು ಅವನನ್ನೇ ನೋಡುತ್ತ ಕೂತಳು. ಇನ್ನೊಂದು ಮಾತು ಬರಬಹುದು. ಬಾಗಿಲವರೆಗೆ ಹೋದವರು ತಿರುಗುವ ಹಾಗೆ ಮಾತೂ ತಿರುಗಬಹುದು. ಅವಳ ಕೊರಳು ತುಸು ಮುಂದಕ್ಕೆ ಚಾಚಿತ್ತು, ಕಣ್ಣು ಅವನ ತುಟಿಯ ಆ ಒಂದು ಕೊನೆಯ ಮೇಲಿತ್ತು.

ಅವನ ಕಣ್ಣು ಸಣ್ಣದಾಯಿತು. ಕೈ ತಾನಾಗಿ ಕಿವಿಯ ಮೇಲಿನ ಪೆನ್ಸಿಲಿಗೆ ಹೋಯಿತು.

"ಹಾಗೇ ಇರಿ" ಅಂದ. "ಅಲ್ಲಾಡಬೇಡಿ."

ಅವಳಿಗೆ ಅರ್ಥವಾಯಿತು. ಅರ್ಥವಾದ ಮೇಲೂ ಅವಳು ಅಲ್ಲಾಡಲಿಲ್ಲ. ಮುಖ ತಿರುಗಿಸಿದ್ದರೆ ಅವನ ಕೈ ನಿಂತುಬಿಡುತ್ತಿತ್ತು, ಎರಡು ಜಡೆಯ ಹುಡುಗಿಗೆ ಕೊಟ್ಟ ಮಾತೂ ನಿಂತುಬಿಡುತ್ತಿತ್ತು. ಅವನು ಹೋಗುತ್ತಾನೆಂದು ಗೊತ್ತಿದ್ದೂ ಅವನಿಗಾಗಿ ಕಾಯುತ್ತ ಕೂತಳು, ಅವನು ನೋಡಿ ಬರೆಯಲೆಂದು. ಪೆನ್ಸಿಲಿನ ಸದ್ದು ಮಾತ್ರ ಕೇಳುತ್ತಿತ್ತು. ಒಮ್ಮೆ ಅದು ತಡೆಯಿತು. ಅವನು ತೋಳಿನಿಂದ ಕಣ್ಣೊರೆಸಿಕೊಂಡು ಮತ್ತೆ ಮುಂದುವರಿಸಿದ.

ಕಾರ್ಡನ್ನು ಮೇಜಿನ ಮೇಲಿಟ್ಟು ಅವನು ಎದ್ದ. ಬಾಗಿಲಲ್ಲಿ ಒಂದು ಕ್ಷಣ ನಿಂತ. ತಿರುಗಲಿಲ್ಲ. ಬಾಗಿಲನ್ನು ಪೂರ್ತಿ ಹಾಕದೆ, ಅರ್ಧ ತೆರೆದೇ ಬಿಟ್ಟು ಹೋದ. ಅದು ಅವನ ಅಭ್ಯಾಸವೋ, ಬೇರೇನೋ, ಕೇಳುವ ಹಾಗಿರಲಿಲ್ಲ.

ಮರುದಿನ ಎರಡು ಜಡೆಯ ಹುಡುಗಿ ಬಂದಳು. ಕಿವಿ ಮಿಸ್ ಕಾರ್ಡುಗಳನ್ನು ಹರಡಿದಳು. ಹೊಸದನ್ನು ಬೇರೆಯಾಗಿ ತೋರಿಸಲಿಲ್ಲ, ಎಲ್ಲದರ ನಡುವೆ ಸೇರಿಸಿಟ್ಟಳು. ಪುಟ್ಟ ಬೆರಳು ಖುಷಿಯನ್ನು ದಾಟಿತು, ಕೋಪವನ್ನು ದಾಟಿತು, ಕೆಂಪು ಕಿವಿಯ ಮೇಲೆ ತುಸು ತಡೆದು ಮುಂದೆ ಹೋಯಿತು. ಆಮೇಲೆ ನಿಂತಿತು.

ಹುಡುಗಿ ಆ ಕಾರ್ಡನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಹಳ ಹೊತ್ತು ನೋಡಿದಳು. ಅದರಲ್ಲಿರುವುದು ಯಾರೆಂದು ಅವಳಿಗೆ ಗೊತ್ತಾಗಲಿಲ್ಲ.

"ಸಿಕ್ತು ಮಿಸ್" ಅಂದಳು. "ಇದು ನಂದು."

ನಂದೂ ಅದೇ ಅನ್ನುವ ಮಾತು ಕಿವಿ ಮಿಸ್ ಗಂಟಲಿಗೆ ಬಂತು. ಅದನ್ನವಳು ಅಲ್ಲೇ ನುಂಗಿ, ಕುರ್ಚಿಯನ್ನು ಓರೆಗೆ ಸರಿಸಿಕೊಂಡು, ಕೇಳಲು ಕೂತಳು.

ಹುಡುಗಿ ಹೇಳತೊಡಗಿದಳು.